ಲೆಕ್ಕದ ಮಾತು: ಮೂವತ್ತು ರೂಪಾಯಿಯ ಉಪ್ಪು

ಮೊನ್ನೆ ಶುಕ್ರವಾರ ಸಲ್ಮಾಬಾದಿನ ಒಂದು ರೂಮಿನಲ್ಲಿ ಊಟಕ್ಕೆ ಕೂತಿದ್ದೆವು. ಕುಮಟಾ ಕಡೆಯ ಹುಡುಗನೊಬ್ಬ ಸಾರಿಗೆ ಉಪ್ಪು ಹಾಕಿಕೊಳ್ಳುತ್ತ ಕೇಳಿದ: "ಅಲ್ಲ ಸಾರ್, ಇಷ್ಟು ಅಗ್ಗದ ಸಾಮಾನಿಗೆ ಗಾಂಧೀಜಿ ಅಷ್ಟು ದೂರ ಯಾಕೆ ನಡೆದ್ರು?" ನಾನು ಲೆಕ್ಕ ಬರೆಯುವವನು, ಲೆಕ್ಕದಲ್ಲೇ ಹೇಳುತ್ತೇನೆ.

1930ರಲ್ಲಿ ಒಂದು ಮಣ, ಅಂದರೆ ಸುಮಾರು 37 ಕೆಜಿ ಉಪ್ಪಿನ ಮೇಲೆ ಬ್ರಿಟಿಷ್ ಸರ್ಕಾರದ ತೆರಿಗೆ 1 ರೂಪಾಯಿ 4 ಆಣೆ. ಕೆಜಿಗೆ ಅರ್ಧ ಆಣೆ ಚಿಲ್ಲರೆ. ಇಷ್ಟೇನಾ ಅನ್ನಬೇಡಿ. ವೈಸ್‌ರಾಯರಿಗೆ ಬರೆದ ಪತ್ರದಲ್ಲಿ ಗಾಂಧೀಜಿ ಕೊಟ್ಟ ಲೆಕ್ಕದ ಪ್ರಕಾರ ಭಾರತೀಯನ ಸರಾಸರಿ ವರಮಾನ ದಿನಕ್ಕೆ 2 ಆಣೆಗೂ ಕಡಿಮೆ, ವೈಸ್‌ರಾಯರ ಸಂಬಳ ದಿನಕ್ಕೆ 700 ರೂಪಾಯಿಗೂ ಹೆಚ್ಚು. ಉಪ್ಪಿನ ತೆರಿಗೆ ಮಾತ್ರ ಇಬ್ಬರಿಗೂ ಒಂದೇ ದರ! ಸಾಲದ್ದಕ್ಕೆ, ಬಿಸಿಲಲ್ಲಿ ದುಡಿಯುವವನಿಗೆ ಉಪ್ಪು ಜಾಸ್ತಿ ಬೇಕು. ಜುಲೈ ತಿಂಗಳಲ್ಲಿ ಶೆಡ್ಡಿನೊಳಗೆ ವೆಲ್ಡಿಂಗ್ ಮಾಡಿ, ಒಣಗಿದ ಅಂಗಿಯ ಮೇಲೆ ಬಿಳಿ ಗೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಚ್ಚು ಬೆವರಿದವನೇ ಹೆಚ್ಚು ಕಟ್ಟಬೇಕು. ಮನೆ ಮುಂದೆಯೇ ಸಮುದ್ರ ಇದ್ದರೂ ಸ್ವಂತಕ್ಕೆ ಉಪ್ಪು ಮಾಡಿಕೊಂಡರೆ ಅಪರಾಧ. ಜಾತಿ ಯಾವುದೇ ಇರಲಿ, ಧರ್ಮ ಯಾವುದೇ ಇರಲಿ, ಗಂಜಿಗೆ ಉಪ್ಪು ಬೇಡ ಅನ್ನುವ ಮನೆ ಎಲ್ಲಿದೆ? ಅದಕ್ಕೇ ಈ ಮಾತು ಎಲ್ಲರಿಗೂ ನಾಟಿತು.

ದಂಡಿಗೆ ನಡೆದವರಲ್ಲಿ ನಮ್ಮವರೂ ಒಬ್ಬರಿದ್ದರು, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಆಗ ಅವರಿಗೆ 18 ವರ್ಷ. ದಂಡಿಯಲ್ಲಿ ಕಾನೂನು ಮುರಿದದ್ದು ಏಪ್ರಿಲ್ 6ಕ್ಕೆ. ಒಂದೇ ವಾರದಲ್ಲಿ, 13ನೇ ತಾರೀಖು, ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಸೇರಿ ಉಪ್ಪು ಮಾಡಿದರು. ಮೊದಲ ಪೊಟ್ಟಣವನ್ನು ಹರಾಜು ಹಾಕಿದರು. ರೇವು ಹೊನ್ನಪ್ಪ ನಾಯಕರು ಅದನ್ನು 30 ರೂಪಾಯಿಗೆ ಕೊಂಡರು.

ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. 30 ರೂಪಾಯಿ ಅಂದರೆ 24 ಮಣ ಉಪ್ಪಿನ ತೆರಿಗೆ. ದಿನಕ್ಕೆ 2 ಆಣೆಯಂತೆ 240 ದಿನದ ವರಮಾನ, ಒಂದು ಪೊಟ್ಟಣಕ್ಕೆ! ಯಾವ ಆಡಿಟರೂ ಈ ವೋಚರ್ ಪಾಸ್ ಮಾಡುವುದಿಲ್ಲ.

ಆ ಸೀಮೆಯ ರೈತರು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಭೂಕಂದಾಯವನ್ನೂ ಕಟ್ಟೋದಿಲ್ಲ ಅಂದರು. ಅಂಕೋಲೆ, ಸಿದ್ದಾಪುರದ ಕಡೆ ಎಷ್ಟೋ ಮನೆಯವರ ಜಮೀನು ಜಪ್ತಿಯಾಯಿತು. ಉಪ್ಪಿನ ತೆರಿಗೆ ಹೋಗಿದ್ದು 1947ರಲ್ಲಿ.

ಹುಡುಗ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. "ನಮ್ಮನೇಲಿ ಈಗಲೂ ಸಾಣಿಕಟ್ಟೆ ಉಪ್ಪೇ ಸಾರ್" ಅಂದ. "ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಎಷ್ಟು ಸಲ ಇಳಿದಿದ್ದೀನಿ, ಇದನ್ನ ಯಾರೂ ಹೇಳಿರ್ಲಿಲ್ಲ."