ಅಳತೆ ಮೊದಲು, ಬೆಲೆ ಆಮೇಲೆ

ದೀಪಾವಳಿಗೆ ಸೀರೆ ಕೊಳ್ಳಲು ಹೊರಟ ತಾಯಿ ಮಗಳು ಚಿಕ್ಕಪೇಟೆಯ ಅಂಗಡಿಯಲ್ಲಿ ಎಷ್ಟು ಹೊತ್ತು ಕುಳಿತುಕೊಳ್ಳುತ್ತಾರೆಂಬುದು ಬೆಂಗಳೂರಿನ ಗಂಡಸರಿಗೆಲ್ಲ ತಿಳಿದ ವಿಷಯ. ಒಂದರ ಮೇಲೊಂದರಂತೆ ಐವತ್ತು ಸೀರೆ ಬಿಚ್ಚಿಸುತ್ತಾರೆ. ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಸೆರಗನ್ನು ಹೆಗಲ ಮೇಲೆ ಹರಡಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಬಣ್ಣ ಬಿಡುವುದೇ, ಜರಿ ಕಪ್ಪಾಗುವುದೇ ಎಂದು ಅಂಗಡಿಯವನಿಗೆ ಸವಾಲು ಹಾಕುತ್ತಾರೆ. ಎಲ್ಲ ಮುಗಿದು, ಕೈಚೀಲ ತುಂಬಿ, ಮನೆಯ ದಾರಿ ಹಿಡಿದಾಗ ಮಗಳು ತಾಯಿಯ ಕಿವಿಯಲ್ಲಿ ಏನೋ ಹೇಳುತ್ತಾಳೆ. ಮೂಲೆಯ ಸಣ್ಣ ಅಂಗಡಿಯ ಮುಂದೆ ನಿಂತು, ಅತ್ತಿತ್ತ ನೋಡಿ, ತಾಯಿ ತಗ್ಗಿದ ದನಿಯಲ್ಲಿ "ಮೂವತ್ತನಾಲ್ಕು ಕೊಡಿ" ಎನ್ನುತ್ತಾಳೆ. ಬಿಚ್ಚಿ ನೋಡುವ ಮಾತಿಲ್ಲ, ಚೌಕಾಸಿಯೂ ಇಲ್ಲ. ಕಾಗದದಲ್ಲಿ ಸುತ್ತಿದ ಪೊಟ್ಟಣ ಸೀರೆಗಳ ಅಡಿಗೆ ಸೇರುತ್ತದೆ.

ಆ ಸೀರೆ ವರ್ಷಕ್ಕೆ ಮೂರು ಸಲ ಬೀರುವಿನಿಂದ ಹೊರಬಂದರೆ ಹೆಚ್ಚು. ಪೊಟ್ಟಣದಲ್ಲಿರುವ ಬ್ರಾ ಹಾಗಲ್ಲ. ದಿನಕ್ಕೆ 14 ಗಂಟೆಯಂತೆ ತೊಟ್ಟರೂ ವರ್ಷಕ್ಕೆ 5,000 ಗಂಟೆಗಳಿಗೆ ಮಿಕ್ಕಿ ಅದು ಮೈಗೆ ಅಂಟಿಕೊಂಡಿರುತ್ತದೆ. ವಾರ ಕಳೆಯುವುದರೊಳಗೆ ಮಗಳು, "ಅಮ್ಮಾ, ಭುಜದ ಮೇಲೆ ಕೊರೆಯುತ್ತೆ" ಎನ್ನುತ್ತಾಳೆ. "ಎಲ್ಲರಿಗೂ ಹಾಗೇ ಕಣೇ. ನಾಲ್ಕು ದಿನ ಹಾಕಿಕೋ, ಅಭ್ಯಾಸವಾಗುತ್ತೆ" ಎಂದು ತಾಯಿಯ ಉತ್ತರ. ಅವಳಿಗೂ ಅವಳ ತಾಯಿ ಹಾಗೆಯೇ ಹೇಳಿದ್ದಿರಬೇಕು. ಹೀಗೆ ಒಡವೆಗಳ ಜೊತೆಗೆ ಒಂದು ನೋವೂ ಬಳುವಳಿಯಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುತ್ತದೆ.

ಅಭ್ಯಾಸವಾಗುವುದು ನಿಜ. ಆದರೆ ಅಭ್ಯಾಸವಾದುದೆಲ್ಲ ಹಿತವಾದುದೆಂದು ಹೇಳುವಂತಿಲ್ಲ. ಭುಜದ ಮೇಲೆ ಆಳವಾಗಿ ಬಿದ್ದ ಗೆರೆ, ಸಂಜೆಯಾಗುತ್ತಲೇ ಹಿಡಿದುಕೊಳ್ಳುವ ಕತ್ತು, ಬೇಸಗೆಯಲ್ಲಿ ಎದೆಯ ಕೆಳಗೆ ಏಳುವ ಕೆಂಪು ತುರಿ, ಇವನ್ನು ಎಷ್ಟೋ ಗೃಹಿಣಿಯರು "ವಯಸ್ಸಾಯಿತು" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎಲ್ಲ ನೋವಿಗೂ ಒಳ ಉಡುಪೇ ಕಾರಣವಲ್ಲ. ಆದರೂ ಕತ್ತಿಗೆ ಮುಲಾಮು ತಿಕ್ಕುವ ಮುನ್ನ ಅದರತ್ತ ಒಮ್ಮೆ ನೋಡುವುದು ಜಾಣತನ.

ಅಜ್ಜಿಯ ಗಂಟು, ಅಂಗಡಿಯ ಅಂಕಿ

ಅಜ್ಜಿಯರ ಕಾಲದ ರವಿಕೆಗೆ ಗುಂಡಿಯಿರಲಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸವಾಗಲಿ, ಹಳೆ ಮೈಸೂರಿನ ನೂಲಿನ ರವಿಕೆಯಾಗಲಿ, ಎದೆಯ ಕೆಳಗೆ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕುವುದು ವಾಡಿಕೆ. ಮೈ ತುಂಬಿದಾಗ ಗಂಟು ಸಡಿಲವಾಗುತ್ತಿತ್ತು, ಇಳಿದಾಗ ಬಿಗಿಯಾಗುತ್ತಿತ್ತು. ಪ್ರತಿದಿನವೂ ಅಂದಂದಿನ ಮೈಗೆ ಅಂದಂದಿನ ಅಳತೆ! ಅಂಗಡಿಯ ಸಿದ್ಧ ಉಡುಪು ಬಂದ ಮೇಲೆ ಗಂಟಿನ ಸ್ಥಾನಕ್ಕೆ ಅಂಕಿ ಬಂದಿತು.

ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಎರಡು ರೇಷ್ಮೆ ಕರವಸ್ತ್ರಗಳನ್ನೂ ಒಂದಿಷ್ಟು ರಿಬ್ಬನ್ನನ್ನೂ ಸೇರಿಸಿ ಹೊಲಿಸಿಕೊಂಡ ಉಡುಪಿಗೆ 1914ರಲ್ಲಿ ಪೇಟೆಂಟ್ ಪಡೆದಳು. ಅದಕ್ಕೆ ಸುತ್ತಳತೆಯ ಭೇದವಾಗಲಿ, ಕಪ್ಪಿನ ಭೇದವಾಗಲಿ ಇರಲಿಲ್ಲ. ಎ, ಬಿ, ಸಿ, ಡಿ ಎಂಬ ಅಕ್ಷರಗಳು ಬಂದದ್ದು 1930ರ ದಶಕದಲ್ಲಿ. ಅಲ್ಲಿಂದೀಚೆಗೆ ಬ್ರಾದ ಅಳತೆಯೆಂದರೆ ಅಂಕಿ ಒಂದು, ಅಕ್ಷರ ಒಂದು. ಅಂಕಿ ಎದೆಯ ಕೆಳಗಿನ ಸುತ್ತಿಗೆ ಸಂಬಂಧಿಸಿದ್ದು. ಅಕ್ಷರ ತುಂಬಿನ ಪ್ರಮಾಣಕ್ಕೆ. ಹೀಗಿರುವಾಗ "ಮೂವತ್ತನಾಲ್ಕು ಕೊಡಿ" ಎಂದಷ್ಟೇ ಕೇಳುವವರು ಅರ್ಧ ವಿಳಾಸ ಬರೆದು ಕಾಗದವನ್ನು ಅಂಚೆಗೆ ಹಾಕಿದಂತೆ.

ಭಾರ ಹೊರುವುದು ಯಾವುದು?

ಸ್ತನಗಳಿಗೆ ತಮ್ಮದೇ ಆದ ಸ್ನಾಯುಗಳಿಲ್ಲ. ಹಾಲಿನ ಗ್ರಂಥಿಗಳು, ಕೊಬ್ಬು, ಅವನ್ನು ಹಿಡಿದಿಡುವ ತೆಳುವಾದ ನಾರಿನೆಳೆಗಳು ಮತ್ತು ಚರ್ಮ, ಇಷ್ಟೇ ಅಲ್ಲಿನ ರಚನೆ. ಮೈ ತುಂಬಿಕೊಂಡವರಿಗೆ ಹೊರಗಿನ ಆಸರೆ ನೆಮ್ಮದಿ ಕೊಡುವುದು ಇದರಿಂದಲೇ. ಆ ಆಸರೆಯ ಬಹುಪಾಲು ಬರಬೇಕಾದುದು ಪಕ್ಕೆಲುಬುಗಳನ್ನು ಸುತ್ತುವ ಕೆಳಪಟ್ಟಿಯಿಂದ, ಭುಜದ ಪಟ್ಟಿಗಳಿಂದಲ್ಲ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟು ನಡೆಯುವವಳು ಹರಟೆ ಹೊಡೆಯುತ್ತಲೇ ಮನೆ ಸೇರುತ್ತಾಳೆ. ಅದೇ ಬಿಂದಿಗೆಗೆ ಹಗ್ಗ ಕಟ್ಟಿ ಭುಜಕ್ಕೆ ತೂಗುಹಾಕಿದರೆ ಹತ್ತು ಹೆಜ್ಜೆಗೆ ಸಾಕುಸಾಕಾಗುತ್ತದೆ. ಕೆಳಪಟ್ಟಿ ಸಡಿಲವಾದ ಬ್ರಾ ತೊಟ್ಟವರ ಪಾಡು ಎರಡನೆಯವಳದು. ಸಡಿಲವಾದುದು ಹಿತವೆಂದು ಒಂದು ಅಂಕಿ ದೊಡ್ಡದನ್ನು ಕೊಳ್ಳುತ್ತಾರೆ. ಆಸರೆ ಸಾಲದೆಂದು ಭುಜದ ಪಟ್ಟಿಯನ್ನು ಎಳೆದು ಬಿಗಿ ಮಾಡುತ್ತಾರೆ. ಗೆರೆ ಬಿದ್ದಾಗ ಉಡುಪನ್ನು ಬೈಯುತ್ತಾರೆ.

ಅಳೆಯುವ ಬಗೆ

ಹೊಲಿಗೆಯ ಟೇಪು ಇಲ್ಲದ ಮನೆ ಅಪರೂಪ. ಉಸಿರು ಬಿಟ್ಟು, ಎದೆಯ ಬುಡದಲ್ಲಿ ಟೇಪನ್ನು ಮಟ್ಟಸವಾಗಿ, ತುಸು ಬಿಗಿಯಾಗಿ ಸುತ್ತಿದರೆ ಬರುವುದು ಮೊದಲನೆಯ ಅಳತೆ. ಎದೆ ಅತ್ಯಂತ ತುಂಬಿದ ಕಡೆ, ಒತ್ತದಂತೆ ಹಿಡಿದರೆ ಬರುವುದು ಎರಡನೆಯದು. ಬಹುಕಾಲದಿಂದ ನಡೆದುಬಂದ ಲೆಕ್ಕದಂತೆ ಮೊದಲನೆಯ ಅಳತೆಗೆ, ಸಮಸಂಖ್ಯೆ ಬರುವ ಹಾಗೆ, 4 ಅಥವಾ 5 ಅಂಗುಲ ಕೂಡಿಸುತ್ತಾರೆ. ಬುಡದ ಸುತ್ತು 29 ಆದರೆ ಅಂಕಿ 34. ಎರಡನೆಯ ಅಳತೆ 36 ಆದರೆ ವ್ಯತ್ಯಾಸ 2. ಒಂದು ಅಂಗುಲಕ್ಕೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಲ್ಲಿಗೆ ಅವಳ ಅಳತೆ 34 ಬಿ.

ಆದರೆ ಎಲ್ಲ ತಯಾರಕರೂ ಈ ಲೆಕ್ಕವನ್ನೇ ಹಿಡಿದಿಲ್ಲ. ಏನನ್ನೂ ಕೂಡಿಸದೆ ಬುಡದ ಅಳತೆಯನ್ನೇ ಅಂಕಿಯಾಗಿ ಬಳಸುವವರೂ ಉಂಟು. ಆದುದರಿಂದ ಒಬ್ಬರ 34 ಇನ್ನೊಬ್ಬರ 34 ಆಗಲೇಬೇಕೆಂಬ ನಿಯಮವಿಲ್ಲ. ಟೇಪಿನ ಎರಡು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಆಯಾ ತಯಾರಕರ ಪಟ್ಟಿಯೊಂದಿಗೆ ಹೋಲಿಸಿ ನೋಡುವುದೇ ಸರಿ. ವರ್ಷಕ್ಕೊಮ್ಮೆ, ಹೆರಿಗೆಯ ಬಳಿಕ, ತೂಕ ಏರಿದಾಗ ಅಥವಾ ಇಳಿದಾಗ ಮತ್ತೆ ಅಳೆಯಬೇಕು. ಮದುವೆಯ ವರ್ಷದ ರವಿಕೆ ಇಂದು ಕೂಡದೆಂದು ಒಪ್ಪಿಕೊಳ್ಳುವವರು ಮದುವೆಯ ವರ್ಷದ ಅಂಕಿಯನ್ನು ಮಾತ್ರ ಬಿಡದೆ ಹಿಡಿದುಕೊಂಡಿರುವುದು ವಿನೋದವೇ ಸರಿ.

ತೊಟ್ಟು ನೋಡುವಾಗ

ಟೇಪು ದಾರಿ ತೋರಿಸೀತು. ತೀರ್ಪು ಕೊಡಬೇಕಾದುದು ಮೈ. ಹೊಸ ಬ್ರಾವನ್ನು ಅತ್ಯಂತ ಸಡಿಲವಾದ ಕೊಕ್ಕೆಯ ಸಾಲಿಗೆ ಹಾಕಿ ನೋಡಬೇಕು. ಎಲಾಸ್ಟಿಕ್ ಎಳೆದು ಬಂದಂತೆ ಒಳಸಾಲುಗಳು ಮುಂದೆ ಉಪಯೋಗಕ್ಕೆ ಬರುತ್ತವೆ. ಬೆನ್ನಿನ ಪಟ್ಟಿ ನೆಲಕ್ಕೆ ಸಮನಾಗಿರಬೇಕು. ಮೇಲಕ್ಕೆ ಕಮಾನಿನಂತೆ ಏರಿದರೆ ಸಡಿಲವೆಂದೇ ಅರ್ಥ. ಪಟ್ಟಿಯ ಕೆಳಗೆ ಎರಡು ಬೆರಳು, ಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಕಪ್ಪಿನ ಅಂಚಿನಿಂದ ಮೈ ಉಕ್ಕಿದರೆ ಕಪ್ ಚಿಕ್ಕದು. ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು. ತಂತಿಯುಳ್ಳದ್ದಾದರೆ ತಂತಿ ಎದೆಯನ್ನು ಪೂರ್ತಿ ಬಳಸಿ ನಿಲ್ಲಬೇಕಲ್ಲದೆ ಮಾಂಸದ ಮೇಲೆ ಕೂರಕೂಡದು. ಆಮೇಲೆ ಅಟ್ಟದ ಡಬ್ಬಿಗೆ ಕೈ ಚಾಚುವಂತೆ ಎರಡು ಕೈಗಳನ್ನೂ ಮೇಲೆತ್ತಬೇಕು. ರಂಗೋಲಿ ಇಡುವವಳಂತೆ ಬಗ್ಗಬೇಕು. ಆಗಲೂ ಅದು ಇದ್ದಲ್ಲಿಯೇ ಇದ್ದರೆ ಆಯ್ಕೆ ಸರಿಯಾಯಿತು.

ಕಪ್ ಸರಿಯಾಗಿದ್ದು ಪಟ್ಟಿ ಮಾತ್ರ ಸಡಿಲವೆನಿಸಿದರೆ ಅಂಕಿಯನ್ನು ಒಂದು ಮೆಟ್ಟಿಲು ಇಳಿಸಿ ಅಕ್ಷರವನ್ನು ಒಂದು ಮೆಟ್ಟಿಲು ಏರಿಸಬೇಕು. 34 ಬಿ ಮತ್ತು 32 ಸಿ ಇವುಗಳ ಕಪ್ಪಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಇದು ತಿಳಿಯದೆ ಎಷ್ಟೋ ಮಂದಿ ಬಿಗಿಯಾದ ಕಪ್ಪಿಗೂ ಸಡಿಲವಾದ ಪಟ್ಟಿಗೂ ನಡುವೆ ಜೀವಮಾನವಿಡೀ ತೂಗಾಡುತ್ತಾರೆ.

ಅಂಗಡಿಯಲ್ಲಿ ತೊಟ್ಟು ನೋಡಲು ಸಂಕೋಚವೆನ್ನುವವರಿಗೂ ಈಗ ದಾರಿಯುಂಟು. ಜಿವಾಮೆಯಂಥ ಸಂಸ್ಥೆ 2011ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಗಿ ಅಂತರ್ಜಾಲದ ಮೂಲಕ ಒಳ ಉಡುಪು ಮಾರತೊಡಗಿದ ಮೇಲೆ, ಮನೆಯ ಕನ್ನಡಿಯ ಮುಂದೆಯೇ ಪರೀಕ್ಷೆ ನಡೆಸುವ ಅನುಕೂಲ ಅನೇಕರಿಗೆ ಒದಗಿದೆ. ಹಿಂದಿರುಗಿಸುವ ನಿಯಮಗಳನ್ನು ಮಾತ್ರ ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು.

ಬೆಲೆಯ ಲೆಕ್ಕ

ಇಂದು ಬ್ರಾ ಇನ್ನೂರು ರೂಪಾಯಿಗೂ ಸಿಗುತ್ತದೆ, ಎರಡು ಸಾವಿರಕ್ಕೂ ಸಿಗುತ್ತದೆ. ಹತ್ತು ಪಟ್ಟು ಬೆಲೆಗೆ ಹತ್ತು ಪಟ್ಟು ಸುಖವುಂಟೇ? ಖಂಡಿತವಾಗಿ ಇಲ್ಲ. ಹಾಗೆಂದ ಮಾತ್ರಕ್ಕೆ ಬೆಲೆಗೆ ಅರ್ಥವೇ ಇಲ್ಲವೆಂದಲ್ಲ. ಹಣ ಎಲ್ಲಿ ಮೈಗೆ ಉಪಕಾರ ಮಾಡುತ್ತದೆ, ಎಲ್ಲಿ ಕಣ್ಣಿಗೆ ಮಾತ್ರ ಹಬ್ಬ ಮಾಡುತ್ತದೆ ಎಂಬ ವಿವೇಚನೆ ಬೇಕು.

ಉಪಕಾರ ಮಾಡುವವು ಇವು: ಎಳೆದು ಬಿಟ್ಟರೆ ಕೂಡಲೇ ಹಿಂದಿರುಗುವ ಎಲಾಸ್ಟಿಕ್, ಅಗಲವಾದ ಬೆನ್ನಪಟ್ಟಿ, ಎರಡು ಮೂರು ತುಂಡುಗಳನ್ನು ಸೇರಿಸಿ ಹೊಲಿದ ಕಪ್, ಕಂಕುಳ ಬದಿಯ ಆಸರೆ, ಚುಚ್ಚದ ಕೊಕ್ಕೆ, ಜಾರದ ಬಳೆ, ಮೈಗೆ ತಾಗುವಲ್ಲಿ ಮೃದುವಾದ ಹೊಲಿಗೆ. ಇವುಗಳಿಗೆ ಸ್ವಲ್ಪ ಹೆಚ್ಚು ಕೊಡುವುದು ದುಂದಲ್ಲ. ಮೈ ತುಂಬಿದವರ ಉಡುಪಿಗೆ ಹೆಚ್ಚು ಬಟ್ಟೆ, ಹೆಚ್ಚು ಹೊಲಿಗೆ, ಹೆಚ್ಚು ಗಟ್ಟಿತನ ಬೇಕಾದುದರಿಂದ ಅವರ ಖರ್ಚು ಒಂದಿಷ್ಟು ಏರುವುದು ನ್ಯಾಯವೇ. ಕಣ್ಣಿಗೆ ಹಬ್ಬವಾಗುವವು ಲೇಸು, ನಡುವಿನ ಪುಟ್ಟ ಹೂ, ಬಣ್ಣದ ಪೆಟ್ಟಿಗೆ, ಜಾಹೀರಾತಿನ ತಾರೆಯ ನಗೆ. ಇವು ಬೇಡವೆಂದಲ್ಲ, ಇವುಗಳಿಂದ ಭುಜದ ಗೆರೆ ಮಾತ್ರ ಮಾಯವಾಗದು. ಅಳತೆ ತಪ್ಪಿದರೆ ಎರಡು ಸಾವಿರದ್ದೂ ಕೊರೆಯುತ್ತದೆ. ಚಿನ್ನದ ಚೂರಿಯೆಂದು ಹೊಟ್ಟೆಗೆ ಚುಚ್ಚಿಕೊಳ್ಳುವವರುಂಟೇ?

ಅತ್ತ ತೀರ ಅಗ್ಗದ್ದೂ ಅಗ್ಗವಲ್ಲ. 150 ರೂಪಾಯಿಯದು ಮೂರು ತಿಂಗಳಿಗೆ ಸಡಿಲವಾಯಿತೆಂದಿಟ್ಟುಕೊಂಡರೆ ತಿಂಗಳಿಗೆ 50 ರೂಪಾಯಿ ಬಿದ್ದಂತಾಯಿತು. 450 ರೂಪಾಯಿಯದು ವರ್ಷ ಬಾಳಿದರೆ ತಿಂಗಳಿಗೆ 37 ರೂಪಾಯಿ ಚಿಲ್ಲರೆ. ಗೃಹಿಣಿ ಅಕ್ಕಿಬೇಳೆಗೆ ಹಾಕುವ ಲೆಕ್ಕವನ್ನೇ ಇಲ್ಲಿಯೂ ಹಾಕಿದರಾಯಿತು. ಮೊದಲು ಒಂದನ್ನೇ ಕೊಂಡು, ಒಂದು ವಾರ ತೊಟ್ಟು, ಒಗೆದು ನೋಡಿ, ಒಪ್ಪಿದರೆ ಇನ್ನೆರಡು ಕೊಳ್ಳುವುದು ಕ್ಷೇಮ.

ಯಾರಿಗೆ ಯಾವುದು?

ಬೆಳೆಯುವ ಹುಡುಗಿಯರಿಗೆ ತಂತಿಯಿಲ್ಲದ ಮೆತ್ತನೆಯ ಹತ್ತಿಯದು ಸಾಕು. ಬಸುರಿ ಬಾಣಂತಿಯರಿಗೆ ಬಿಗಿಯಾದುದು ಸಲ್ಲದು. ಒತ್ತಡದಿಂದ ಹಾಲು ಕಟ್ಟಿಕೊಳ್ಳುವ ಭಯವಿದೆ. ಮುಂದೆ ತೆರೆಯುವಂಥದು ಅವರಿಗೆ ಅನುಕೂಲ. ಕೈ ಹಿಂದಕ್ಕೆ ಬಾರದ ಭುಜನೋವಿನ ವೃದ್ಧೆಯರಿಗೂ ಮುಂಗೊಕ್ಕೆಯೇ ವರ. ಓಡುವ, ಆಡುವ ಹೆಣ್ಣುಮಕ್ಕಳಿಗೆ ಅದಕ್ಕೆಂದೇ ಹೊಲಿದದ್ದು ಬೇಕು. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಮೂವರು ಮಹಿಳೆಯರು ಗಂಡಸರ ಆಟದ ಒಳ ಉಡುಪು ಎರಡನ್ನು ಜೋಡಿಸಿ ಹೊಲಿದು ಅದರ ಮೊದಲ ಮಾದರಿ ಸಿದ್ಧಪಡಿಸಿದರು. ಸ್ತನದ ಶಸ್ತ್ರಚಿಕಿತ್ಸೆ ಆದವರಿಗೆ ಒಳಗೆ ಚೀಲವಿಟ್ಟು ಹೊಲಿದ ವಿಶೇಷ ಬ್ರಾಗಳುಂಟು. ವೈದ್ಯರನ್ನು ಕೇಳಿ ಕೊಳ್ಳಬೇಕು. ರಾತ್ರಿ ತೊಡಲೇಬೇಕೆಂಬ ನಿಯಮವೇನೂ ಇಲ್ಲ.

ಬ್ರಾ ತೊಡುವುದರಿಂದ ಕ್ಯಾನ್ಸರ್ ಬರುವುದೆಂಬ ಮಾತು ಆಗಾಗ ಹಬ್ಬುತ್ತದೆ. ಸಿಯಾಟಲ್ ನಗರದ ಸಂಶೋಧಕರು 1,500ಕ್ಕೂ ಮಿಕ್ಕಿದ ಮಹಿಳೆಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಯಾವುದೂ ಕಂಡುಬರಲಿಲ್ಲ. ಈ ಅಂಜಿಕೆ ಬೇಡ. ಆದರೆ ಎದೆಯಲ್ಲಿ ಹೊಸ ಗಂಟು, ತೊಟ್ಟಿನ ಸ್ರಾವ, ಚರ್ಮ ಒಳಸೇದುವುದು ಕಂಡರೆ ಉಡುಪಿನ ಮೇಲೆ ತಪ್ಪು ಹೊರಿಸುತ್ತ ಕೂರದೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಸೀರೆಯ ಮರೆಯಲ್ಲಿ

ಒಗೆತದ ಸಂಗತಿಯೂ ಸಣ್ಣದಲ್ಲ. ಬೆವರಿದ ಬ್ರಾವನ್ನು ದಿನವೂ ಬದಲಿಸಿ, ತಣ್ಣೀರಿನಲ್ಲಿ ಕೈಯಿಂದ ಒಗೆದು, ಹಿಂಡಿ ತಿರುಚದೆ ಆರಹಾಕಬೇಕು. ಮೂರು ಇದ್ದರೆ ಸರದಿಯ ಮೇಲೆ ತೊಡಬಹುದು. ಎಲಾಸ್ಟಿಕ್ಕಿಗೂ ವಿಶ್ರಾಂತಿ ದೊರೆಯುತ್ತದೆ. ಆದರೆ ಬಹುಪಾಲು ಮನೆಗಳಲ್ಲಿ ಅದನ್ನು ಒಣಹಾಕುವುದು ಎಲ್ಲಿ? ಬಚ್ಚಲಮನೆಯ ಮೂಲೆಯಲ್ಲಿ ಅಥವಾ ಒದ್ದೆ ಸೀರೆಯ ಅಡಿಯಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ಹಾಗೆ ಅಡಗಿಸಿದ ಬಟ್ಟೆ ಎರಡು ದಿನವಾದರೂ ಒಣಗದು. ಆ ತೇವದಲ್ಲಿಯೇ ಬೂಷ್ಟು ಬೆಳೆಯುವುದು. ಎದೆಯ ಕೆಳಗಿನ ತುರಿಗೆ ಬೀಜ ಬೀಳುವುದು. ಸುಡುಬಿಸಿಲಿಗೆ ಎಲಾಸ್ಟಿಕ್ ಕೆಡುವುದಾದರೂ ಗಾಳಿ ಬೆಳಕು ಬೇಕೇ ಬೇಕು. ಗಂಡಸರ ಬನಿಯನ್ನು ಅಂಗಳದ ತಂತಿಯ ಮೇಲೆ ಬಾವುಟದಂತೆ ಹಾರಾಡಬಹುದಾದರೆ, ಹೆಂಗಸರ ಬಟ್ಟೆಗೆ ಒಂದು ಮೊಳ ಗಾಳಿ ಸಿಕ್ಕಿದರೆ ಮನೆಯ ಮಾನವೇನೂ ಹೋಗುವುದಿಲ್ಲ.

ಮುಂದಿನ ದೀಪಾವಳಿಗೆ ತಾಯಿ ಮಗಳು ಮತ್ತೆ ಪೇಟೆಗೆ ಹೋಗುತ್ತಾರೆ. ಸೀರೆಯ ಅಂಗಡಿಯಲ್ಲಿ ಎರಡು ಗಂಟೆ ಕಳೆಯಲಿ, ಯಾರದೂ ಆಕ್ಷೇಪವಿಲ್ಲ. ಆದರೆ ಹೊರಡುವ ಮುನ್ನ ಮನೆಯಲ್ಲಿ ಐದು ನಿಮಿಷ ಬಾಗಿಲು ಹಾಕಿಕೊಂಡು ತಾಯಿ ಮಗಳನ್ನು ಅಳೆಯಲಿ, ಮಗಳು ತಾಯಿಯನ್ನು ಅಳೆಯಲಿ. ಇಪ್ಪತ್ತು ವರ್ಷಗಳಿಂದ ಮೂವತ್ತನಾಲ್ಕೆಂದು ಕೇಳುತ್ತ ಬಂದವಳು ತನ್ನ ಅಳತೆ ಬೇರೆಯೇ ಎಂದು ಅಂದು ಕಂಡುಕೊಂಡಾಳು. "ಭುಜ ಕೊರೆಯುತ್ತೆ" ಎಂದು ಮಗಳು ಹೇಳಿದಾಗ "ಅಭ್ಯಾಸವಾಗುತ್ತೆ" ಎನ್ನುವ ಬದಲು "ಬಾ, ನೋಡೋಣ" ಎಂದರೆ, ಒಂದು ಬಳುವಳಿ ಅಲ್ಲಿಗೆ ನಿಲ್ಲುತ್ತದೆ.