ಬಂದೂಕಿಗಿಂತ ಮೊದಲು ಬೀಗ

ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಬಯಲುಸೀಮೆಯ ಹೋಬಳಿಗಳಲ್ಲಿ ಊರೊಳಗಿನ ಮನೆ ಬಿಟ್ಟು ಹೊಲ-ತೋಟಗಳಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳುಂಟು. ಕೊಳವೆಬಾವಿ ಕೊರೆಸಿ ನಾಲ್ಕು ತೆಂಗು, ಅಡಿಕೆ ಇಟ್ಟ ಮೇಲೆ ರಾತ್ರಿ ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕಲು ಯಾರಾದರೂ ಅಲ್ಲೇ ಇರಬೇಕಾಗುತ್ತದೆ. ನೆರೆಮನೆ ಎಂದರೆ ಕೂಗಳತೆಯಾಚೆ. ಶೇಂಗಾ ಹೊಲಕ್ಕೆ ಹಂದಿಗಳ ಕಾಟ, ಕೊಟ್ಟಿಗೆಗೆ ಚಿರತೆಯ ಭಯ. ಇವೆಲ್ಲದರ ನಡುವೆ ಎಲ್ಲೋ ಒಂದು ಒಂಟಿ ಮನೆಗೆ ಕಳ್ಳರು ನುಗ್ಗಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ಜಗಲಿಯ ಮೇಲೆ ಒಂದು ಮಾತು ಹುಟ್ಟಿಕೊಳ್ಳುತ್ತದೆ: ‘ಮನೇಲಿ ಒಂದು ಬಂದೂಕು ಇದ್ದಿದ್ರೆ!’

ಈ ಮಾತು ಹುಟ್ಟಿದ ಮನೆಗಳಲ್ಲಿ ಮುಂದಿನ ಚರ್ಚೆ ನಡೆಯುವುದು ಯಾವ ಬಂದೂಕು, ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ, ಬೆಲೆ ಎಷ್ಟು ಎಂಬುದರ ಬಗ್ಗೆ. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಆ ಮನೆಯಲ್ಲಿ ಯಾರು ಯಾರಿದ್ದಾರೆ? ಎಂಟನೇ ತರಗತಿಯ ಹುಡುಗನಿದ್ದಾನೆಯೆ? ಪಿ.ಯು.ಸಿ. ಓದುವ ಮಗಳಿದ್ದಾಳೆಯೆ? ರಜೆಗೆ ಬರುವ ಮೊಮ್ಮಕ್ಕಳಿದ್ದಾರೆಯೆ? ಕಳ್ಳ ಬರಬಹುದು, ಬಾರದೆಯೂ ಇರಬಹುದು. ಮಕ್ಕಳು ಮಾತ್ರ ವರ್ಷದ ಮುನ್ನೂರ ಅರವತ್ತೈದು ದಿನವೂ ಆ ಬಂದೂಕಿನ ಜೊತೆಯಲ್ಲೇ ಇರುತ್ತಾರೆ.

ಕಾನೂನಿನ ದಾರಿ

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಪರವಾನಗಿಯ ಮೇಲೆ ಸಿಗುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳು ಇದಕ್ಕೆ ಆಧಾರ. ಚಿತ್ರದುರ್ಗ ಜಿಲ್ಲೆಯವರಿಗೆ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗಳು. ಪೊಲೀಸರ ವರದಿ, ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆ ಎಲ್ಲವೂ ಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷವಾಗಿದೆ. ಸಾಮಾನ್ಯವಾಗಿ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿದ್ದದ್ದು ಎರಡಕ್ಕೆ ಇಳಿದಿದೆ.

ಕೊಡಗಿನ ಮಾತು ಬೇರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯುಂಟು. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ‘ಅವರಿಗೆ ಇದೆ, ನಮಗೇಕಿಲ್ಲ?’ ಎಂದು ಧರ್ಮಪುರದವರು ಕೇಳಿದರೆ ಕಾನೂನು ಒಪ್ಪುವುದಿಲ್ಲ. ಹಳೆಯ ನಾಡಬಂದೂಕೊಂದು ಅಟ್ಟದ ಮೇಲೆ ಪರವಾನಗಿ ಇಲ್ಲದೆ ಉಳಿದಿದ್ದರೆ ಅದು ಅಜ್ಜನ ನೆನಪಲ್ಲ, ಅಪರಾಧ. ಅಂಥದ್ದಕ್ಕೆ ಈಗ ಎರಡರಿಂದ ಐದು ವರ್ಷದವರೆಗೆ ಸಜೆಯಾಗಬಹುದು.

ಗಡಿ ಹೋಬಳಿಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಧರ್ಮಪುರಕ್ಕೆ ಹತ್ತಿರವೇ ಇದ್ದರೂ ಇಂದು ಆಂಧ್ರಪ್ರದೇಶಕ್ಕೆ ಸೇರಿದೆ. ಅಮರಾಪುರ, ಮಡಕಶಿರಾ ಕಡೆ ನೆಂಟರ ಮನೆಗೆ ಹೋಗುವವರು ಕರ್ನಾಟಕಕ್ಕಷ್ಟೇ ಸಲ್ಲುವ ಪರವಾನಗಿಯ ಬಂದೂಕನ್ನು ಜೀಪಿನಲ್ಲಿ ಹಾಕಿಕೊಂಡು ಹೋದರೆ, ಗಡಿ ದಾಟಿದ ಕ್ಷಣವೇ ತಪ್ಪಿತಸ್ಥರು.

ಯಾವುದು ಸೂಕ್ತ?

ಮನೆಯ ರಕ್ಷಣೆಗೆ ಕಾಯಿದೆ ಸಾಮಾನ್ಯ ಜನರಿಗೆ ತೋರಿಸುವ ಆಯುಧ ನುಣುಪು ನಳಿಗೆಯ ಬಂದೂಕು. ಅದರ ನಳಿಗೆ ಇಪ್ಪತ್ತು ಅಂಗುಲಕ್ಕಿಂತ ಕಡಿಮೆ ಇರಬಾರದು. ಸಿನಿಮಾಗಳಲ್ಲಿ ಕಾಣುವ ಮೋಟು ಬಂದೂಕಿನಂತೆ ನಳಿಗೆ ಕತ್ತರಿಸಿಕೊಳ್ಳುವುದು ಪ್ರತ್ಯೇಕ ಅಪರಾಧ.

ಇಂಥ ಬಂದೂಕನ್ನು ‘ಹನ್ನೆರಡು ಬೋರು’ ಎನ್ನುವುದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಅದು. ಗುಂಡಿನ ತೂಕ ಸುಮಾರು 38 ಗ್ರಾಂ, ನಳಿಗೆಯ ಅಗಲ ಸುಮಾರು 18.5 ಮಿಲಿಮೀಟರ್. ಆದ್ದರಿಂದಲೇ ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದಾಗುತ್ತದೆ.

ಬೆಳೆ ರಕ್ಷಣೆಗೆಂದು ಕೊಡುವ ಕೇಪಿನ ಬಂದೂಕಿಗೆ ಬಾಯಿಯ ಕಡೆಯಿಂದ ಮದ್ದು, ಚರೆ ತುಂಬಿ ಸಲಾಕೆಯಿಂದ ಗಿಡಿಯಬೇಕು. ಒಮ್ಮೆ ತುಂಬಿದರೆ ಹಾರಿಸದೆ ಖಾಲಿ ಮಾಡುವುದು ಕಷ್ಟ. ಹೀಗಾಗಿ ತುಂಬಿದ ಬಂದೂಕನ್ನೇ ಗೋಡೆಗೆ ತೂಗುಹಾಕುವ ಅಭ್ಯಾಸ ಬೆಳೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ತುಂಬಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಮಕ್ಕಳಿರುವ ಮನೆಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ಹಿಂದಿನಿಂದ ಎರಡೂ ನಳಿಗೆಗೆ ರೈಲು ಹಳಿಯಂತೆ ತೋಟಾ ಕೂರಿಸುವ ಜೋಡುನಳಿಗೆ ಬಂದೂಕು ಈ ದೃಷ್ಟಿಯಿಂದ ಮೇಲು. ಮಧ್ಯದಲ್ಲಿ ಮುರಿದಂತೆ ಮಡಚಿದರೆ ಎರಡೂ ನಳಿಗೆಯೊಳಗೆ ಬೆಳಕು ಕಾಣುತ್ತದೆ. ಖಾಲಿ ಎಂಬುದನ್ನು ಕಣ್ಣಾರೆ ನೋಡಬಹುದು. ಒಂಟಿ ನಳಿಗೆಯದರಲ್ಲೂ ಈ ಅನುಕೂಲವಿದೆ, ತೂಕವೂ ಕಡಿಮೆ. ಹಿಂದೆ ಮುಂದೆ ಎಳೆದು ಹಾರಿಸುವ ಪಂಪ್ ಬಂದೂಕಿನಲ್ಲಿ ನಾಲ್ಕಾರು ತೋಟಾ ಹಿಡಿಸುತ್ತವೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಅಡಗಿರುತ್ತವೆ. ಹೊಸಬರು ಮೇಲಿನ ಗೂಡು ಖಾಲಿ ಕಂಡು ಬಂದೂಕೇ ಖಾಲಿ ಎಂದುಕೊಳ್ಳುವ ಅಪಾಯವಿದೆ.

ಆದ್ದರಿಂದ ಆಯ್ಕೆಯ ಸೂತ್ರ ಸರಳ. ಎಷ್ಟು ಈಡು ಹಾರಿಸಬಹುದು ಎಂಬುದಕ್ಕಿಂತ, ಖಾಲಿಯಾಗಿದೆ ಎಂದು ಮನೆಯ ಯಜಮಾನನಿಗೆ ಎಷ್ಟು ಸುಲಭವಾಗಿ ಖಾತ್ರಿಯಾಗುತ್ತದೆ ಎಂಬುದು ಮುಖ್ಯ.

ಒಂದು ತಪ್ಪು ತಿಳಿವಳಿಕೆ

ಚರೆ ಎಲ್ಲ ಕಡೆ ಹರಡುತ್ತದೆ, ಗುರಿ ಹಿಡಿಯಬೇಕಾಗಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಚರೆ ಹರಡುವುದು ಗಜಕ್ಕೆ ಸುಮಾರು ಒಂದು ಅಂಗುಲದ ಲೆಕ್ಕದಲ್ಲಿ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಅದು ಅಂಗೈ ಅಗಲವನ್ನು ಮೀರದು. ಅಂದರೆ ಮನೆಯೊಳಗೆ ಗುರಿ ತಪ್ಪಿದರೆ ಪೂರ್ತಿ ತಪ್ಪಿದಂತೆ. ತಪ್ಪಿದ ಚರೆ ಎಲ್ಲಿ ಹೋಗುತ್ತದೆ? ದಪ್ಪ ಕಾಳಿನ ಚರೆಗೆ ತಗಡಿನ ಗೋಡೆ, ಹಲಗೆಯ ಬಾಗಿಲು ಒಂದು ಲೆಕ್ಕವಲ್ಲ. ಬಾಗಿಲಿನಾಚೆ ಮಲಗಿರುವವರು ಮನೆಯವರೇ.

ಕತ್ತಲಲ್ಲಿ ಕಂಡ ನೆರಳು ಯಾರದು ಎಂಬುದು ಇನ್ನೊಂದು ಪ್ರಶ್ನೆ. ಮಧ್ಯರಾತ್ರಿ ಮೋಟಾರು ನೋಡಲು ಎದ್ದ ಅಜ್ಜ, ಕೊನೆಯ ಬಸ್ಸಿನಲ್ಲಿ ಹೇಳದೆ ಬಂದಿಳಿದ ಹಾಸ್ಟೆಲಿನ ಮಗ, ಬಚ್ಚಲಿಗೆ ಹೋದ ಸೊಸೆ ಎಲ್ಲರ ನೆರಳೂ ಒಂದೇ ಬಗೆ. ಯಾರೆಂದು ತಿಳಿಯದೆ ನಳಿಗೆ ಎತ್ತುವುದು ಸಲ್ಲದು.

ಜೊತೆಗೆ ಬೇಕಾದ ಸಾಮಾನು

ಬಂದೂಕಿನ ಜೊತೆ ಏನೇನು ಕೊಳ್ಳಬೇಕು? ಮೊದಲನೆಯದು ಬೀಗ. ಟ್ರಿಗರಿಗೆ ಹಾಕುವ ಬೀಗವಾಗಲಿ, ನಳಿಗೆಯೊಳಗೆ ತೂರಿಸುವ ತಂತಿಯ ಬೀಗವಾಗಲಿ ಇರಲೇಬೇಕು. ಎರಡನೆಯದು ಗೋಡೆಗೆ ಬೋಲ್ಟು ಹಾಕಿ ಬಿಗಿದ ಕಬ್ಬಿಣದ ಬೀರು. ಮೂರನೆಯದು ತೋಟಾಗಳಿಗೆ ಬೇರೆಯೇ ಪೆಟ್ಟಿಗೆ, ಅದಕ್ಕೆ ಬೇರೆಯೇ ಬೀಗ. ಬೀಗದ ಕೈ ದೇವರ ಪಟದ ಹಿಂದೆಯೋ ಅಕ್ಕಿ ಡಬ್ಬಿಯಲ್ಲೋ ಇದ್ದರೆ ಮನೆಯ ಮಕ್ಕಳಿಗೆ ಅದು ಗೊತ್ತಿದ್ದೇ ಇರುತ್ತದೆ. ಪರವಾನಗಿದಾರರ ಸೊಂಟದಲ್ಲಿರುವುದೇ ಸರಿ. ಬಂದೂಕಿನಲ್ಲೇ ಇರುವ ಸೇಫ್ಟಿ ಗುಂಡಿಯನ್ನು ಬೀಗವೆಂದು ತಿಳಿಯಬಾರದು. ಕೈಜಾರಿ ಬಿದ್ದಾಗ ಅದನ್ನು ನಂಬುವಂತಿಲ್ಲ.

ಬಂದೂಕಿಗೇ ಟಾರ್ಚು ಕಟ್ಟುವ ಹುಚ್ಚು ಈಚೆಗೆ ಬಂದಿದೆ. ಅದರ ದೋಷ ಸ್ಪಷ್ಟ. ಆ ಬೆಳಕಿನಲ್ಲಿ ಏನನ್ನು ನೋಡಬೇಕಾದರೂ ನಳಿಗೆಯನ್ನು ಅದರತ್ತಲೇ ತಿರುಗಿಸಬೇಕು, ಅದು ಮಗುವಾದರೂ ಸರಿ. ಅದಕ್ಕಿಂತ ಕೈಯಲ್ಲೊಂದು ಒಳ್ಳೆಯ ಬ್ಯಾಟರಿ, ಅಂಗಳಕ್ಕೊಂದು ದೀಪ ಮೇಲು. ಶುಚಿ ಮಾಡುವ ಸಲಾಕೆ ಮತ್ತು ಎಣ್ಣೆ, ಅಭ್ಯಾಸಕ್ಕೆ ನಕಲಿ ತೋಟಾ, ಹೆಗಲ ಪಟ್ಟಿ ಇಷ್ಟಿದ್ದರೆ ಸಾಕು. ತಂಡಿ ಹಿಡಿದ ಹಳೆಯ ತೋಟಾ ಬಳಸಬಾರದು. ಹಾರದೆ ಉಳಿದ ತೋಟಾವನ್ನು ತೆಗೆಯುವ ಮುನ್ನ ಸುರಕ್ಷಿತ ದಿಕ್ಕಿಗೆ ನಳಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು.

ಮಕ್ಕಳೂ ಬಂದೂಕೂ

ಇಪ್ಪತ್ತೊಂದು ವರ್ಷ ತುಂಬದವರು ಬಂದೂಕನ್ನು ಕೊಳ್ಳುವಂತಿಲ್ಲ, ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಯಮದಂತೆ, ಪರವಾನಗಿದಾರರ ಎದುರಿನಲ್ಲಿ ತರಬೇತಿ ಪಡೆಯುವುದಷ್ಟೇ ಇದಕ್ಕೆ ಹೊರತು. ಅಪ್ಪನ ಬಂದೂಕು ಹೆಗಲಿಗೇರಿಸಿ ಫೋಟೊ ತೆಗೆಸಿಕೊಂಡು ಮೊಬೈಲಿನಲ್ಲಿ ಹಂಚುವ ಕಾಲೇಜು ಹುಡುಗರು ಅಪ್ಪನ ಪರವಾನಗಿಗೇ ಕುತ್ತು ತರುತ್ತಾರೆ. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರಿಂದ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಸಣ್ಣ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಮೂರೇ ಮಾತು: ಬಂದೂಕು ಕಂಡರೆ ಮುಟ್ಟಬೇಡ, ಅಲ್ಲಿಂದ ಆಚೆ ಬಾ, ದೊಡ್ಡವರಿಗೆ ಹೇಳು. ಆದರೆ ಹೇಳಿಕೊಟ್ಟೆವೆಂದು ಬೀಗ ಮರೆಯುವಂತಿಲ್ಲ. ಹೇಳಿದ್ದನ್ನೆಲ್ಲ ಪಾಲಿಸಿದರೆ ಅವರು ಮಕ್ಕಳೇ ಅಲ್ಲ.

ಬೆಳೆದ ಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಪರೀಕ್ಷೆಯ ಫಲಿತಾಂಶ ಬಂದ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ರಾತ್ರಿ ಹದಿನೇಳರ ಮನಸ್ಸು ಒಂದು ಗಳಿಗೆ ಕುಸಿಯಬಹುದು. ಆ ಗಳಿಗೆ ದಾಟಿದರೆ ಜೀವನವಿಡೀ ಉಳಿಯುತ್ತದೆ. ಆ ಗಳಿಗೆಯಲ್ಲಿ ಕೈಗೆ ಆಯುಧ ಸಿಗದಂತೆ ನೋಡಿಕೊಳ್ಳುವುದೇ ದೊಡ್ಡ ರಕ್ಷಣೆ ಎಂದು ಮನೋವೈದ್ಯರು ಒತ್ತಿ ಹೇಳುತ್ತಾರೆ. ಮಗನೋ ಮಗಳೋ ಮಂಕಾಗಿದ್ದಾರೆಂದು ಕಂಡರೆ ಬೈಯುವ ಬದಲು ಜೊತೆಗೆ ಕೂತು ಮಾತಾಡಬೇಕು. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಆತ್ಮರಕ್ಷಣೆಯ ಮಿತಿ

ಮನೆಗೆ ನುಗ್ಗಿದವನ ಮೇಲೆ ಗುಂಡು ಹಾರಿಸಲು ಪರವಾನಗಿಯೇ ಅನುಮತಿ ಎಂದು ತಿಳಿದವರುಂಟು. ಹಾಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಹಳೆಯ ದಂಡ ಸಂಹಿತೆಯಂತೆಯೇ, ತನ್ನನ್ನೂ ತನ್ನವರನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ದರೋಡೆ, ರಾತ್ರಿ ಹೊತ್ತು ಕನ್ನ ಹಾಕಿ ನುಗ್ಗುವುದು ಮುಂತಾದ ಗಂಭೀರ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಸಾವಿನವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇಲ್ಲ. ಬೇಲಿ ಹಾರಿ ಓಡುತ್ತಿರುವ ತೆಂಗಿನಕಾಯಿ ಕಳ್ಳನ ಬೆನ್ನಿಗೆ ಈಡು ಹೊಡೆದವರು ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತದೆ. ಹಂದಿ, ಚಿರತೆಗಳ ವಿಷಯದಲ್ಲೂ ಬಂದೂಕಿನ ಪರವಾನಗಿ ಸಾಲದು. 1972ರ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ; ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ.

ಇಷ್ಟೆಲ್ಲ ಮಾಡಿ ತಂದ ಬಂದೂಕು ಸದಾ ಮನೆಯಲ್ಲಿ ಇರುತ್ತದೆಂದೂ ಇಲ್ಲ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದು ವಾಡಿಕೆ.

ಬಂದೂಕಿಲ್ಲದ ಕಾವಲು

ದುರ್ಗದ ಓಬವ್ವನ ಕಥೆ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಹೈದರಾಲಿಯ ಸೈನಿಕರನ್ನು ಆಕೆ ತಡೆದದ್ದು ಒನಕೆಯಿಂದ ಎಂಬುದು ಎಲ್ಲರ ನೆನಪಿನಲ್ಲಿದೆ. ಆದರೆ ಒನಕೆಗಿಂತ ಮೊದಲು ಕೆಲಸ ಮಾಡಿದ್ದು ಆಕೆಯ ಎಚ್ಚರ. ಕಿಂಡಿಯಲ್ಲಿ ಯಾರೋ ನುಸುಳುತ್ತಿದ್ದಾರೆಂದು ಆಕೆ ಗಮನಿಸಿದಳು.

ಒಂಟಿ ಮನೆಗೆ ಬೇಕಾದದ್ದೂ ಆ ಎಚ್ಚರವೇ. ಭದ್ರವಾದ ಬಾಗಿಲು, ಒಳಗಿನಿಂದ ಅಡ್ಡಪಟ್ಟಿ, ಅಂಗಳದಲ್ಲಿ ರಾತ್ರಿಯಿಡೀ ಉರಿಯುವ ಸೌರದೀಪ, ಒಂದೆರಡು ನಾಯಿ, ಅಕ್ಕಪಕ್ಕದ ತೋಟದವರ ಫೋನ್ ನಂಬರು, ತುರ್ತಿಗೆ 112. ಹೆಚ್ಚಿನ ಹಣ, ಒಡವೆಗಳನ್ನು ಬ್ಯಾಂಕಿನಲ್ಲಿಟ್ಟರೆ ಕಳ್ಳನಿಗೆ ಬರುವ ಕಾರಣವೇ ಕಡಿಮೆಯಾಗುತ್ತದೆ.

ಇದರ ಮೇಲೂ ಬಂದೂಕು ಬೇಕೆನ್ನುವ ಮನೆಯವರು ಅರ್ಜಿ ಬರೆಯುವ ಮುನ್ನ ಎಲ್ಲರೂ ಕೂತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ. ಬೀರು ಎಲ್ಲಿಡುವುದು? ಬೀಗದ ಕೈ ಯಾರ ಬಳಿ? ಸರಿಯಾದ ತರಬೇತಿ ಪಡೆಯಲು ಯಜಮಾನರಿಗೆ ಪುರುಸೊತ್ತುಂಟೆ? ಅವರು ಊರಲ್ಲಿಲ್ಲದ ರಾತ್ರಿ ಏನು ಗತಿ? ಒಂದಕ್ಕೆ ಉತ್ತರ ಸಿಗದಿದ್ದರೂ ಅರ್ಜಿ ಕಾಯಲಿ. ನಾಯಿಮರಿಯನ್ನು ಮಾತ್ರ ಇವತ್ತೇ ತರಬಹುದು, ಅದಕ್ಕೆ ಜಿಲ್ಲಾಧಿಕಾರಿಗಳ ಸಹಿ ಬೇಕಾಗಿಲ್ಲ.