ಕೊಂಡ ಯಂತ್ರಕ್ಕೆ ಒಡೆಯರು ಯಾರು?

ಹಳೆಯ ಲ್ಯಾಪ್‌ಟಾಪೊಂದನ್ನು ಅಗ್ಗಕ್ಕೆ ಕೊಂಡು ಓದು ಸಾಗಿಸುವ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳರೇನೂ ಅಲ್ಲ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ನಿಂತುಹೋಯಿತು. ವಿಂಡೋಸ್ ೧೧ ಆದರೋ ಹಳೆಯ ಪ್ರೊಸೆಸರುಗಳನ್ನು ಹತ್ತಿರ ಸೇರಿಸುವುದಿಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದವರು ಲಿನಕ್ಸಿನ ಮೊರೆಹೋಗುತ್ತಾರೆ. ನಾನೂ ಅವರಲ್ಲೊಬ್ಬ. ಪರದೆ, ಕೀಲಿಮಣೆ, ಧ್ವನಿ ಇವೆಲ್ಲ ಸಾಮಾನ್ಯವಾಗಿ ಸರಿಹೋಗುತ್ತವೆ. ತೊಡಕು ಬರುವುದು ಅಂಗೈಯಗಲವೂ ಇಲ್ಲದ ವೈಫೈ ಕಾರ್ಡಿನಲ್ಲಿ. ಅದು ನಡೆಯದಿದ್ದರೆ ವಿದ್ಯಾರ್ಥಿವೇತನದ ಅರ್ಜಿಯೂ ಇಲ್ಲ, ಪರೀಕ್ಷೆಯ ಫಲಿತಾಂಶವೂ ಇಲ್ಲ.

ಇದಕ್ಕೆ ಕಾರಣವೇನು? ಕಾರ್ಡಿನ ಚಿಪ್ಪನ್ನು ನಡೆಸಲು ‘ಡ್ರೈವರ್’ ಎಂಬ ತಂತ್ರಾಂಶ ಬೇಕು. ಅದನ್ನು ಬರೆಯಲು ಚಿಪ್ಪಿನ ಒಳಗುಟ್ಟು ತಿಳಿದಿರಬೇಕು. ಬ್ರಾಡ್‌ಕಾಂ ಸಂಸ್ಥೆ ಬಹುಕಾಲ ಅದನ್ನು ಹೊರಗೆಡಹಲಿಲ್ಲ. ಸ್ವಯಂಸೇವಕರು ಹಳೆಯ ಡ್ರೈವರನ್ನೇ ಬಿಡಿಸಿ ನೋಡಿ, ಅರ್ಥಮಾಡಿಕೊಂಡು, ‘ಬಿ-೪೩’ ಎಂಬ ಡ್ರೈವರನ್ನು ಕಟ್ಟಿದರು. ಸಂಸ್ಥೆ ತಾನಾಗಿ ಮುಕ್ತ ಡ್ರೈವರನ್ನು ಕೊಟ್ಟದ್ದು ೨೦೧೦ರ ಸೆಪ್ಟೆಂಬರಿನಲ್ಲಿ. ಅಥೆರೋಸ್ ಸಂಸ್ಥೆಯಾದರೋ ೨೦೦೮ರಲ್ಲಿಯೇ ‘ಆತ್-೯-ಕೆ’ ಡ್ರೈವರನ್ನು ಮುಕ್ತವಾಗಿ ನೀಡಿತು. ಆದ್ದರಿಂದಲೇ ಎಆರ್ ೯೨೮೫ರಂಥ ಹಳೆಯ ಅಥೆರೋಸ್ ಕಾರ್ಡುಗಳು ಲಿನಕ್ಸಿನಲ್ಲಿ ಸಿಕ್ಕಿಸಿದೊಡನೆ ನಡೆಯುತ್ತವೆ.

ಆದಕಾರಣ ಕಾರ್ಡು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಚಿಪ್ಪಿನ ಹೆಸರನ್ನು ಕೇಳಬೇಕೆಂಬುದು ನನ್ನ ಮೊದಲ ಮಾತು. ಲಿನಕ್ಸಿನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಕೊಟ್ಟರೆ ಒಳಗಿರುವ ಕಾರ್ಡಿನ ಚಿಪ್ಪು ಯಾವುದೆಂದು ತಿಳಿಯುತ್ತದೆ. ಕಿಂಡಿ ಯಾವುದೆಂಬುದನ್ನೂ ನೋಡಬೇಕು. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗೆ ಎಂ.೨ ಕಾರ್ಡು ನೇರವಾಗಿ ಕೂರದು. ಇಂಟೆಲ್ಲಿನ ಎಎಕ್ಸ್ ೨೦೦ ಮತ್ತು ಎಎಕ್ಸ್ ೨೦೧ ನೋಡಲು ಅವಳಿಗಳಂತಿವೆ. ಆದರೆ ಎರಡನೆಯದು ಇಂಟೆಲ್ಲಿನದೇ ಹೊಸ ಪೀಳಿಗೆಯ ಕೆಲವು ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಮೊದಲನೆಯದಕ್ಕೆ ಆ ಕಟ್ಟಿಲ್ಲ. ಲಿನಕ್ಸಿನ ತಿರುಳು ೫.೧ನೆಯ ಅಥವಾ ಅದಕ್ಕೂ ಹೊಸ ಆವೃತ್ತಿಯದಾಗಿದ್ದರೆ ಸಾಕು.

ಇಷ್ಟೆಲ್ಲ ನೋಡಿ ತಂದರೂ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬಂತಾಗುವುದುಂಟು. ಕೆಲವು ತಯಾರಕರು ಬಯೋಸಿನೊಳಗೆ ಒಪ್ಪಿತ ಕಾರ್ಡುಗಳ ಪಟ್ಟಿಯೊಂದನ್ನು ಅಡಗಿಸಿಟ್ಟಿದ್ದಾರೆ. ಪಟ್ಟಿಯಲ್ಲಿಲ್ಲದ ಕಾರ್ಡನ್ನು ಹಾಕಿದರೆ ಯಂತ್ರ ಮೇಲೇಳುವುದೇ ಇಲ್ಲ. ನನ್ನ ಯಂತ್ರವೂ ಇದೇ ಹಠ ಹಿಡಿದಿದೆ. ಲಿನಕ್ಸು ಒಪ್ಪಿದ ಕಾರ್ಡನ್ನು ಬಯೋಸು ಒಪ್ಪಲೊಲ್ಲದು.

ರೇಡಿಯೋ ನಿಯಮಗಳಂತೆ ಕಾರ್ಡನ್ನೂ ಆಂಟೆನಾವನ್ನೂ ಒಟ್ಟಿಗೆ ಪರೀಕ್ಷಿಸಿ ಅನುಮತಿ ಪಡೆಯಬೇಕಾದ್ದರಿಂದ ಹೀಗೆ ಮಾಡಿದ್ದೇವೆಂದು ಇದಕ್ಕೊಂದು ಸಮಾಧಾನ ಹೇಳುವುದುಂಟು. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ಚಿಪ್ಪಿನ ಅದೇ ಮಾದರಿಯ ಕಾರ್ಡು ತಯಾರಕರ ಸ್ವಂತ ಗುರುತಿನ ಸಂಖ್ಯೆಯಿಲ್ಲದೆ ಬಂದರೆ ಅದನ್ನೂ ತಳ್ಳಿಹಾಕುವ ಯಂತ್ರಗಳಿವೆಯಲ್ಲ, ಅಲ್ಲಿ ಕಾಯುತ್ತಿರುವುದು ನಿಯಮವನ್ನೋ ವ್ಯಾಪಾರವನ್ನೋ? ಬೀಗವಿಲ್ಲದ ಯಂತ್ರಗಳನ್ನು ಮಾರುವವರೂ ಇದ್ದಾರೆ. ಅವರಿಗೂ ಕಾನೂನು ಅದೇ ಅಲ್ಲವೇ?

ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಾಧನ ತಂದರಾಯಿತಲ್ಲ ಎಂದು ಮಿತ್ರರು ಹೇಳಬಹುದು. ಸದ್ಯದ ಕೆಲಸಕ್ಕೆ ಅದು ಸರಿ. ಅಲ್ಲಿಯೂ ಚಿಪ್ಪಿನ ವಿಚಾರಣೆ ತಪ್ಪದು. ಆದರೆ ಪ್ರಶ್ನೆ ಕೇವಲ ಉಪಾಯದ್ದಲ್ಲ, ಹಕ್ಕಿನದು. ಬೈಸಿಕಲ್ಲು ಮಾರಿದವನು ಟೈರು ಬದಲಿಸಲು ತನ್ನ ಅಪ್ಪಣೆ ಬೇಕೆಂದರೆ ನಾವು ನಗುತ್ತೇವೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಏಕೆ ತಲೆಬಾಗಬೇಕು?

ದೊಡ್ಡ ಸಂಸ್ಥೆಗಳನ್ನು ನಾವು ಒಂದೇ ದಿನದಲ್ಲಿ ತಿದ್ದಲಾರೆವು. ಆದರೆ ಕೊಳ್ಳುವ ಮುನ್ನ ‘ಚಿಪ್ಪು ಯಾವುದು? ಬಯೋಸಿನಲ್ಲಿ ಬೀಗವುಂಟೇ?’ ಎಂದು ಕೇಳಬಲ್ಲೆವು. ಕಾಲೇಜಿಗೆ ಕಂಪ್ಯೂಟರುಗಳನ್ನು ಕೊಳ್ಳುವಾಗ ಈ ಎರಡು ಪ್ರಶ್ನೆಗಳು ಟೆಂಡರಿನಲ್ಲಿ ಸೇರಲಿ ಎಂದು ಅಧ್ಯಾಪಕವರ್ಗದವರನ್ನು ವಿನಯದಿಂದ ಕೇಳಿಕೊಳ್ಳುತ್ತೇನೆ. ಯಾವ ಯಂತ್ರದಲ್ಲಿ ಯಾವ ಕಾರ್ಡು ನಡೆಯಿತೆಂಬ ಪಟ್ಟಿಯೊಂದನ್ನು ವಿದ್ಯಾರ್ಥಿಗಳು ಸೂಚನಾಫಲಕದಲ್ಲಿ ಬರೆದಿಡಲಿ. ಬೀಗ ಹಾಕಿದವರ ಪಟ್ಟಿ ಗುಟ್ಟಾಗಿದ್ದರೆ ಇರಲಿ, ನಮ್ಮ ಪಟ್ಟಿ ಎಲ್ಲರ ಕಣ್ಣಿಗೂ ಬೀಳಲಿ.